ಆಸ್ಪತ್ರೆಯ ಆ ಕಾರಿಡಾರು: 2018ರ ನಿಪಾ ಹರಡಿದ್ದು ಹೇಗೆ, ನಿಂತಿದ್ದು ಹೇಗೆ

ನಮ್ಮಲ್ಲಿ ಯಾರಾದರೂ ಆಸ್ಪತ್ರೆಗೆ ಸೇರಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಸಂಜೆಯೊಳಗೆ ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರು, ಆಫೀಸಿನ ನಾಲ್ಕು ಜನ, ಎಲ್ಲರೂ ಹಾಜರು. ಒಬ್ಬರ ಕೈಯಲ್ಲಿ ಎಳನೀರು, ಇನ್ನೊಬ್ಬರ ಕೈಯಲ್ಲಿ ಬ್ರೆಡ್ಡು ಮತ್ತು ಕಿತ್ತಳೆ. ವಾರ್ಡಿನೊಳಗೆ ಬಿಡದಿದ್ದರೆ ಕಾರಿಡಾರಿನಲ್ಲೇ ನಿಂತು ಮಾತು. ಹೋಗದಿದ್ದರೆ "ನೋಡೋಕೂ ಬರಲಿಲ್ಲ" ಎಂಬ ಮಾತು ಹತ್ತು ವರ್ಷ ಕೇಳಬೇಕಾಗುತ್ತದೆ.

ಒಂದು ವೈರಸ್‌ಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕಾ?

ಸುಮ್ನೆ ಹೇಳುತ್ತಿಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಕಲ್ಲಿಕೋಟೆಯಲ್ಲಿ, ಬಾವಲಿಯಿಂದ ಬರುವ ನಿಪಾ ಎಂಬ ವೈರಸ್ ಹರಡಿದಾಗ ಆಗಿದ್ದು ಹೆಚ್ಚುಕಡಿಮೆ ಇದೇ. ಸೋಂಕು ತಡೆಯೋದು ಅಂದರೆ ಮಾಸ್ಕು, ಸ್ಯಾನಿಟೈಸರು ಅಂತಷ್ಟೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೇ ಈ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ನೋಡಬೇಕು ಅನ್ನಿಸಿತು. ನನ್ನ ಲೆಕ್ಕದಲ್ಲಿ ಇದು ಔಷಧಿಯ ಕಥೆ ಅಲ್ಲವೇ ಅಲ್ಲ. ನಾವು ಪ್ರೀತಿ ತೋರಿಸುವ ರೀತಿಯಲ್ಲಿ ರೋಗ ಹರಡಿತು, ಸಾವಿರಾರು ಜನ ಕೆಲವು ವಾರ ಆ ರೀತಿಯನ್ನು ಬದಲಿಸಿಕೊಂಡಾಗ ನಿಂತಿತು.

ಒಂದು ಮನೆ, ಎರಡು ವಾರ

ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಎಂಬ ಊರಿನ ಹತ್ತಿರ ಸೂಪ್ಪಿಕ್ಕಡ ಅಂತ ಒಂದು ಹಳ್ಳಿ. ಅಲ್ಲಿನ ಒಬ್ಬ ಯುವಕನಿಗೆ ಮೇ ಮೊದಲ ವಾರದಲ್ಲಿ ಜ್ವರ ಬಂತು. ಮೊದಲು ಪೇರಾಂಬ್ರದ ತಾಲೂಕು ಆಸ್ಪತ್ರೆ, ಅಲ್ಲಿಂದ ಕೋಝಿಕ್ಕೋಡ್‌ನ ಸರ್ಕಾರಿ ಮೆಡಿಕಲ್ ಕಾಲೇಜು. ಮೇ 5ರಂದು ಆತ ತೀರಿಕೊಂಡ. ಮಲೆನಾಡು ಕರಾವಳಿಯವರಿಗೆ ಗೊತ್ತಿರುವ ಹಾಗೆ, ಜ್ವರ ಬಂದು ತಲೆಗೇರಿ ಸಾಯೋದು ಈ ಕಡೆ ತೀರಾ ಅಪರೂಪವೇನಲ್ಲ. ಮಿದುಳು ಜ್ವರಕ್ಕೆ ನೂರು ಕಾರಣ ಇರುತ್ತದೆ. ಆ ಒಂದು ಸಾವಿನಿಂದ ಯಾರೂ ಬೆಚ್ಚಿಬೀಳಲಿಲ್ಲ, ಬೆಚ್ಚಿಬೀಳಬೇಕಿತ್ತು ಅಂತ ಈಗ ಹೇಳೋದು ಸುಲಭ.

ಎರಡು ವಾರ ಆಗುವಷ್ಟರಲ್ಲಿ ಅದೇ ಮನೆಯ ಇನ್ನೊಬ್ಬ ಮಗನಿಗೆ ಜ್ವರ. ಜೊತೆಗೆ ತಂದೆಗೂ, ಹತ್ತಿರದ ಸಂಬಂಧಿಕ ಹೆಂಗಸಿಗೂ. ಮೇ 17ಕ್ಕೆ ಈ ಎರಡನೆಯ ಮಗನನ್ನು ಕೋಝಿಕ್ಕೋಡ್‌ನ ಒಂದು ಖಾಸಗಿ ಆಸ್ಪತ್ರೆಗೆ ತಂದರು. ಅಲ್ಲಿನ ಡಾ. ಅನೂಪ್ ಕುಮಾರ್ ಮತ್ತವರ ಜೊತೆಗಿದ್ದ ವೈದ್ಯರಿಗೆ ಏನೋ ಸರಿ ಕಾಣಲಿಲ್ಲ. ಮಿದುಳಿನ ಉರಿಯೂತ ಇದೆ, ಆದರೆ ಹೃದಯದ ಬಡಿತ, ರಕ್ತದ ಒತ್ತಡ ಎಲ್ಲಾ ವಿಪರೀತ. ಅದಕ್ಕಿಂತ ಮುಖ್ಯವಾಗಿ, ಇದೇ ಮನೆಯಲ್ಲಿ ಹೀಗೇ ಒಂದು ಸಾವು ಈಗಷ್ಟೇ ಆಗಿದೆ. ಮಿದುಳು ಜ್ವರ ಒಂದೇ ಮನೆಯಲ್ಲಿ ಸಾಲಾಗಿ ಬರೋದಿಲ್ಲ ಅಲ್ವಾ?

ಮಾದರಿಗಳು ನಮ್ಮ ಉಡುಪಿ ಜಿಲ್ಲೆಯ ಮಣಿಪಾಲಕ್ಕೆ ಬಂದವು. ಅಲ್ಲಿನ ವೈರಸ್ ಸಂಶೋಧನಾ ಕೇಂದ್ರ ಆಗ ಡಾ. ಜಿ. ಅರುಣ್‌ಕುಮಾರ್ ಅವರ ನೇತೃತ್ವದಲ್ಲಿತ್ತು. ನಿಪಾ ಅಂತ ಮೊದಲು ಹೇಳಿದ್ದು ಅವರೇ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮೇ 20ಕ್ಕೆ ಅದನ್ನು ಖಚಿತಪಡಿಸಿತು. ಎರಡನೆಯ ರೋಗಿ ಬಂದ ಮೂರು ದಿನದಲ್ಲಿ ಉತ್ತರ ಸಿಕ್ಕಿತ್ತು. ಇದನ್ನು ಯಾರೂ ಸಾಕಷ್ಟು ಹೊಗಳಿಲ್ಲ ಅನ್ನೋದು ನನ್ನ ದೂರು. ಮಣಿಪಾಲ ಅಂದರೆ ಇಂಜಿನಿಯರಿಂಗ್ ಸೀಟು ಅಂತಷ್ಟೇ ಅಂದುಕೊಂಡಿರುವವರು ನಮ್ಮಲ್ಲಿ ಜಾಸ್ತಿ.

ಆದರೆ ಒಂದನ್ನು ಗಮನಿಸಿ. ಆ ಉತ್ತರದ ಅರ್ಧ ಪ್ರಯೋಗಾಲಯದಲ್ಲಿ ಸಿಕ್ಕಿದ್ದಲ್ಲ. "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ?" ಎಂಬ ಪ್ರಶ್ನೆಯಲ್ಲಿ ಸಿಕ್ಕಿದ್ದು. ಡಾಕ್ಟರ ಮುಂದೆ ಕೂತಾಗ ನಾವು ಪಟಪಟ ಅಂತ ನಮ್ಮ ನೋವು ಹೇಳುತ್ತೇವೆ, ಮಾತ್ರೆ ಹೆಸರು ಕೇಳುತ್ತೇವೆ, ಆದರೆ "ಹೋದ ವಾರ ನಮ್ಮ ಭಾವನಿಗೂ ಹೀಗೇ ಇತ್ತು, ನಾನೇ ಅವರ ಜೊತೆಗಿದ್ದೆ" ಅಂತ ಕೇಳದೆ ಹೇಳುವವರು ಎಷ್ಟು ಜನ?

ಕಾರಿಡಾರಿನಲ್ಲಿ ಆಗಿದ್ದು

ಆಮೇಲೆ ನಡೆದ ತನಿಖೆ ಪತ್ತೇದಾರಿ ಕೆಲಸದ ಹಾಗಿತ್ತು. ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು, ಸಾಲಾಗಿ ಬಿದ್ದಿದ್ದರು. ಇವರಿಗೆಲ್ಲ ಎಲ್ಲಿಂದ ಬಂತು? ಎಲ್ಲರೂ ಬಾವಲಿ ಕಚ್ಚಿದ ಹಣ್ಣು ತಿಂದರಾ? ಇಲ್ಲ. ದಿನಾಂಕ, ಸಮಯ, ವಾರ್ಡು ಹೊಂದಿಸುತ್ತಾ ಹೋದಾಗ ದಾರಿಗಳೆಲ್ಲ ಆ ಮೊದಲ ರೋಗಿಯ ಹತ್ತಿರ ಬಂದು ನಿಂತವು. ಆತನನ್ನು ಸ್ಕ್ಯಾನಿಂಗಿಗೆ ಕರೆದೊಯ್ದಾಗ ಕೊಠಡಿಯ ಹೊರಗಿನ ಕಾರಿಡಾರಿನಲ್ಲಿ ಜನ ತುಂಬಿದ್ದರು. ಆತನಿಗೆ ಕೆಮ್ಮು ಜೋರಾಗಿತ್ತು. ಬೇರೆ ಕಾಯಿಲೆಗೆ ಬಂದವರು, ಬೇರೆ ರೋಗಿಯ ಜೊತೆ ಬಂದವರು, ರಿಪೋರ್ಟಿಗೆ ಕಾಯುತ್ತಿದ್ದವರು, ಎಲ್ಲರೂ ಅದೇ ಗಾಳಿಯಲ್ಲಿ ನಿಂತಿದ್ದರು.

ಒಟ್ಟು ಲೆಕ್ಕ ಹೀಗಿದೆ: ಮೊದಲ ರೋಗಿಯನ್ನೂ ಸೇರಿಸಿ 23 ಜನ. ಅವರಲ್ಲಿ 18 ಜನರದ್ದು ಪ್ರಯೋಗಾಲಯದಲ್ಲಿ ಖಚಿತವಾಯಿತು. ಬದುಕಿದ್ದು ಇಬ್ಬರೇ ಇಬ್ಬರು, ಅದರಲ್ಲಿ ಒಬ್ಬಳು ನರ್ಸಿಂಗ್ ಓದುತ್ತಿದ್ದ ಹುಡುಗಿ. ಸೋಂಕು ತಗುಲಿ ರೋಗ ಕಾಣಿಸಿಕೊಳ್ಳಲು ಹಿಡಿದ ಸಮಯ 6ರಿಂದ 14 ದಿನ. ಮೊದಲ ವ್ಯಕ್ತಿಗೆ ಮಾತ್ರ ಊರಿನಲ್ಲಿ ಎಲ್ಲೋ ಬಂದಿತ್ತು. ಉಳಿದವರಿಗೆ ಹೆಚ್ಚಾಗಿ ಮೂರು ಆಸ್ಪತ್ರೆಗಳ ಒಳಗೇ ಅಂಟಿತ್ತು.

ಮಲಯಾಳಿಗಳು ರೋಗಿಯ ಜೊತೆಗಿರುವವರನ್ನು "ಬೈಸ್ಟ್ಯಾಂಡರ್" ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಸುಮ್ಮನೆ ನಿಂತು ನೋಡುವವ ಅಂತ ಅರ್ಥ, ಇವರು ಅದನ್ನು ಪೂರ್ತಿ ತಿರುಗಿಸಿ ಪಕ್ಕದಲ್ಲೇ ನಿಂತು ಆರೈಕೆ ಮಾಡುವವ ಅಂತ ಮಾಡಿಕೊಂಡಿದ್ದಾರೆ. ಎಷ್ಟು ಚೆನ್ನಾಗಿದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಅಷ್ಟೇ, ಜೊತೆಗಿರುವವರು ಇಲ್ಲದಿದ್ದರೆ ರೋಗಿಯ ಕೆಲಸ ಆಗುವುದಿಲ್ಲ. ಪರೀಕ್ಷೆಗೆ ತೆಗೆದ ರಕ್ತವನ್ನು ಲ್ಯಾಬಿಗೆ ಕೊಟ್ಟು ಬರೋದು, ಗಾಲಿ ಕುರ್ಚಿ ತಳ್ಳೋದು, ಊಟ ತರೋದು, ಬೆಡ್‌ಪ್ಯಾನ್ ಇಡೋದು, ಎಲ್ಲಾ ಅವರದ್ದೇ. ಹಾಗಾಗಿ "ಆಸ್ಪತ್ರೆಗೆ ಹೋಗಬೇಡಿ" ಅಂತ ಒಂದೇ ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಒಬ್ಬರು ಬೇಕೇ ಬೇಕು. ಬೇಡದವರು ಉಳಿದ ಒಂಬತ್ತು ಜನ.

ಇದು ಒಂದು ಸಲ ಆಗಿ ಮುಗಿದ ಆಕಸ್ಮಿಕ ಅಂದುಕೊಳ್ಳಬೇಡಿ. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಜನರಿಗೆ ನಿಪಾ ಬಂದು 45 ಜನ ಸತ್ತಾಗಲೂ ರೋಗ ಹರಡಿದ್ದು ಆಸ್ಪತ್ರೆಗಳಲ್ಲೇ. 2023ರ ಸೆಪ್ಟೆಂಬರಿನಲ್ಲಿ ಕೋಝಿಕ್ಕೋಡ್‌ಗೆ ಅದು ಮತ್ತೆ ಬಂದಾಗ ಆರು ಜನರಿಗೆ ತಗುಲಿ ಇಬ್ಬರು ತೀರಿಕೊಂಡರು. ಅದರಲ್ಲಿ ಎರಡನೆಯವರು ಆಸ್ಪತ್ರೆಗೆ ಹೋಗಿದ್ದು ತಮ್ಮ ಕಾಯಿಲೆಗಲ್ಲ, ಇನ್ನೊಬ್ಬ ರೋಗಿಯ ಜೊತೆಗಿರಲು.

ಈ ವೈರಸ್‌ನ ಸ್ವಭಾವ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಕೋವಿಡ್ ನೋಡಿದ ಮೇಲೆ ಎಲ್ಲಾ ವೈರಸ್ಸೂ ಹಾಗೇ ಅಂತ ನಮಗೆ ಭ್ರಮೆ. ನಿಪಾ ಬೇರೆ ತರಹ. ಕೋವಿಡ್‌ನಲ್ಲಿ ಜ್ವರ ಬರುವ ಮೊದಲೇ, ಆರಾಮಾಗಿ ಓಡಾಡುತ್ತಿರುವವರಿಂದಲೂ ಬೇರೆಯವರಿಗೆ ಬರುತ್ತಿತ್ತು. ನಿಪಾದಲ್ಲಿ ರೋಗ ಜೋರಾದಾಗ, ಅದರಲ್ಲೂ ಕೆಮ್ಮು, ಉಸಿರಾಟದ ತೊಂದರೆ ಇರುವಾಗ ಅಪಾಯ ಜಾಸ್ತಿ. ಎಂಜಲು, ಕೆಮ್ಮಿನ ಹನಿ, ಮೈಯಿಂದ ಬರುವ ದ್ರವಗಳು, ಇವುಗಳ ಹತ್ತಿರದ ಸಂಪರ್ಕ ಬೇಕು. ಬಹಳಷ್ಟು ರೋಗಿಗಳು ಯಾರಿಗೂ ಅಂಟಿಸುವುದಿಲ್ಲ. ಆದರೆ ಯಾರೋ ಒಬ್ಬರು, ತಪ್ಪು ಜಾಗದಲ್ಲಿ ತಪ್ಪು ಹೊತ್ತಿನಲ್ಲಿ, ಹತ್ತಾರು ಜನರಿಗೆ ದಾಟಿಸಿಬಿಡುತ್ತಾರೆ.

ಅಂದರೆ ಇದು ಬಹಳ ಭಯಂಕರ ಆದರೆ ಸುಲಭವಾಗಿ ಹಿಡಿಯಬಹುದಾದ ವೈರಸ್. ಬಂದರೆ ಬದುಕೋದು ಕಷ್ಟ. ಆದರೆ ಜ್ವರ ಶುರುವಾದ ಕೂಡಲೇ ಒಬ್ಬರು ಬೇರೆ ಕೋಣೆಗೆ ಹೋಗಿ ಕೂತರೆ, ಅದರ ಸರಪಳಿ ಅಲ್ಲಿಗೇ ಕಡಿಯುತ್ತದೆ. ಜನಸಾಮಾನ್ಯರ ಕೈಯಲ್ಲಿ ಇಷ್ಟು ಇರುವ ರೋಗ ಅಪರೂಪ.

ಮೂಲ ಹಣ್ಣು ತಿನ್ನುವ ದೊಡ್ಡ ಬಾವಲಿ. 1998-99ರಲ್ಲಿ ಮಲೇಷ್ಯಾದಲ್ಲಿ ಮೊದಲು ಗುರುತಿಸಿದಾಗ ಅದು ಹಂದಿಗಳ ಮೂಲಕ ಸಾಕುವವರಿಗೆ ಬಂದಿತ್ತು, ಸುಂಗೈ ನಿಪಾ ಎಂಬ ಊರಿನಿಂದಲೇ ಈ ಹೆಸರು. ಬಾಂಗ್ಲಾದೇಶದಲ್ಲಿ ಖರ್ಜೂರದ ಮರದ ಹಸಿ ರಸ ಕುಡಿದವರಿಗೆ ಬರುತ್ತದೆ, ಯಾಕೆಂದರೆ ರಾತ್ರಿ ಬಾವಲಿಗಳೂ ಅದೇ ಮಡಕೆಗೆ ಬಾಯಿ ಹಾಕುತ್ತವೆ. ಅಲ್ಲಿ ಮಡಕೆಯ ಸುತ್ತ ಬಿದಿರಿನ ತಡಿಕೆ ಕಟ್ಟುವ ಉಪಾಯ ಇದೆ. ಕೇರಳದಲ್ಲಿ ಮೊದಲ ಯುವಕನಿಗೆ ಹೇಗೆ ದಾಟಿತು ಅನ್ನೋದು ಕೊನೆಗೂ ಬಗೆಹರಿಯಲಿಲ್ಲ. ಮನೆಯ ಬಾವಿಯಲ್ಲಿ ಸಿಕ್ಕ ಬಾವಲಿಗಳು ಹುಳ ತಿನ್ನುವ ಜಾತಿ, ಅವುಗಳಲ್ಲಿ ವೈರಸ್ ಇರಲಿಲ್ಲ. ಆಮೇಲೆ ಆ ಕಡೆ ಹಿಡಿದ ಹಣ್ಣು ಬಾವಲಿಗಳಲ್ಲಿ ಸಿಕ್ಕಿತು.

ಲಿನಿ

ಪೇರಾಂಬ್ರದ ತಾಲೂಕು ಆಸ್ಪತ್ರೆಯಲ್ಲಿ ಆ ಮೊದಲ ರೋಗಿಯನ್ನು ನೋಡಿಕೊಂಡವರಲ್ಲಿ ಲಿನಿ ಪುದುಶ್ಶೇರಿ ಎಂಬ ನರ್ಸ್ ಇದ್ದರು. ಮೇ 21ರಂದು ಅವರು ತೀರಿಕೊಂಡರು. ಇಬ್ಬರು ಪುಟ್ಟ ಗಂಡುಮಕ್ಕಳು. ಗಂಡ ಬಹ್ರೇನ್‌ನಲ್ಲಿ ಕೆಲಸದಲ್ಲಿದ್ದರು. ತೀರಾ ಕೊನೆಯಲ್ಲಿ ಗಂಡನಿಗೆ ಒಂದು ಚೀಟಿ ಬರೆದಿಟ್ಟರು, ಇನ್ನು ನೋಡಲು ಆಗಲಿಕ್ಕಿಲ್ಲ, ಮಕ್ಕಳನ್ನು ನೋಡಿಕೊಳ್ಳಿ ಅನ್ನುವ ಅರ್ಥದ್ದು. ಅದು ದೇಶದ ಎಲ್ಲಾ ಪತ್ರಿಕೆಗಳಲ್ಲೂ ಬಂತು. ಅವರ ದೇಹವನ್ನು ಮನೆಗೆ ಕೊಂಡೊಯ್ಯಲಿಲ್ಲ. ಮನೆಯವರ ಒಪ್ಪಿಗೆ ಪಡೆದು ಕೂಡಲೇ ದಹನ ಮಾಡಿದರು.

ಆ ಒಪ್ಪಿಗೆಯ ಬಗ್ಗೆ ಯೋಚಿಸಿ ನೋಡಿ. ಮಗಳ ಮುಖವನ್ನು ಕೊನೆಯ ಸಲ ಮುಟ್ಟದೆ, ಅರಿಶಿನ ಕುಂಕುಮ ಇಡದೆ, ಊರಿನವರು ಬಂದು ಅಳುವ ಮೊದಲೇ ಸುಟ್ಟುಬಿಡಿ ಅನ್ನಲು ಒಬ್ಬ ತಾಯಿಗೆ ಎಷ್ಟು ಗಟ್ಟಿ ಎದೆ ಬೇಕು. 2014ರಿಂದ 2016ರ ತನಕ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಬಂದಾಗ, 11,000ಕ್ಕೂ ಹೆಚ್ಚು ಜನ ಸತ್ತ ಆ ಮಾರಿಯಲ್ಲಿ, ಹೆಣ ತೊಳೆಯುವುದು, ಮುಟ್ಟಿ ಕಳಿಸಿಕೊಡುವುದು ರೋಗ ಹರಡುವ ದೊಡ್ಡ ದಾರಿಯಾಗಿತ್ತು. ಅಲ್ಲಿ ಕಲಿತಿದ್ದನ್ನೇ ಕೇರಳದವರು ಇಲ್ಲಿ ಬಳಸಿದರು. ಸುಡುವವರನ್ನು ಸುಟ್ಟರು, ಹೂಳುವವರನ್ನು ಹತ್ತು ಅಡಿ ಆಳದ ಗುಂಡಿಯಲ್ಲಿ ಹೂತರು. ಸ್ಮಶಾನದ ಸಿಬ್ಬಂದಿ ಹೆದರಿ ಹಿಂದೆ ಸರಿದಾಗ ಕೋಝಿಕ್ಕೋಡ್ ಪಾಲಿಕೆಯ ಆರೋಗ್ಯಾಧಿಕಾರಿ ಡಾ. ಆರ್.ಎಸ್. ಗೋಪಕುಮಾರ್ ತಾವೇ ಮುಂದೆ ನಿಂತು ಮಾಡಿಸಿದರು. ಮನೆಯವರು ಬರಲಾಗದ ಕಡೆ ವಿಧಿಗಳನ್ನೂ ಅವರೇ ಮಾಡಿದ್ದುಂಟು.

ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಲಿನಿಯವರ ಫೋಟೋಗೆ ಇಡೀ ದೇಶ ಕೈಮುಗಿಯುತ್ತಿದ್ದ ಅದೇ ದಿನಗಳಲ್ಲಿ, ಅದೇ ಊರಿನ ಬೇರೆ ನರ್ಸುಗಳು ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ಎದ್ದು ಹೋಗುತ್ತಿದ್ದರು. ಆಟೋದವರು ಹತ್ತಿಸಿಕೊಳ್ಳುತ್ತಿರಲಿಲ್ಲ. ಸತ್ತ ನರ್ಸು ದೇವತೆ, ಬದುಕಿರುವ ನರ್ಸು ಮಾರಿ. ಹೇಳಿ, ಹೀಗಾದರೆ ನಾಳೆ ಜ್ವರ ಬಂದ ನರ್ಸು ಬಾಯಿಬಿಟ್ಟು ಹೇಳುತ್ತಾಳಾ?

ಪಟ್ಟಿಯಲ್ಲಿ ಹೆಸರು

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಇದು. ಕೇರಳದ ಆರೋಗ್ಯ ಇಲಾಖೆ ರೋಗಿಗಳ ಹತ್ತಿರ ಬಂದವರ ಪಟ್ಟಿ ಮಾಡಿತು. ಪಟ್ಟಿ ಬೆಳೆಯುತ್ತಾ ಎರಡು ಸಾವಿರ ದಾಟಿತು. ಅವರೆಲ್ಲ ಮನೆಯಲ್ಲೇ ಇರಬೇಕು, ದಿನಾ ಫೋನ್ ಬರುತ್ತದೆ, ಜ್ವರ ಇದೆಯಾ ಅಂತ ಕೇಳುತ್ತಾರೆ. ಕೂಲಿ ಮಾಡಿ ತಿನ್ನುವವರು ಇಷ್ಟು ದಿನ ಮನೆಯಲ್ಲಿ ಕೂತರೆ ಒಲೆ ಉರಿಯುವುದು ಹೇಗೆ? ಅದಕ್ಕೆ ಅಂತಹ ಮನೆಗಳಿಗೆ ಅಕ್ಕಿ, ಸಾಮಾನಿನ ಕಿಟ್ ಕಳಿಸುವ ವ್ಯವಸ್ಥೆ ಮಾಡಿದರು. ಆಗ ಆರೋಗ್ಯ ಸಚಿವೆಯಾಗಿದ್ದವರು ಕೆ.ಕೆ. ಶೈಲಜಾ. ಕೋಝಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ ಬೇಸಿಗೆ ರಜೆ ಮುಗಿದರೂ ಶಾಲೆ ತೆರೆಯದೆ ಜೂನ್ 12ರ ತನಕ ಮುಂದೂಡಿದರು. ಸಭೆ ಸಮಾರಂಭ ನಿಂತವು.

ಪಟ್ಟಿಯಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹುತೇಕ ಯಾರಿಗೂ ಏನೂ ಆಗಲಿಲ್ಲ. ಆಮೇಲೆ "ಸುಮ್ನೆ ಹೆದರಿಸಿದರು, ಏನೂ ಇರಲಿಲ್ಲ" ಅನ್ನುವವರು ಹುಟ್ಟಿಕೊಂಡರು, ಅದು ಇದ್ದದ್ದೇ. ಆದರೆ ಅವರಲ್ಲಿ ಜ್ವರ ಬಂದ ಬೆರಳೆಣಿಕೆಯ ಜನ ಯಾರು ಅಂತ ಮೊದಲೇ ಗೊತ್ತಾಗುವುದಿಲ್ಲವಲ್ಲ? ಹಾಗಾಗಿ ಎಲ್ಲರೂ ಕಾಯಬೇಕು. ಜ್ವರ ಬಂದವರು ನೇರವಾಗಿ ಪ್ರತ್ಯೇಕ ವಾರ್ಡಿಗೆ ಹೋದರು, ಇನ್ನೊಂದು ಕಾರಿಡಾರಿನಲ್ಲಿ ಹೋಗಿ ನಿಲ್ಲಲಿಲ್ಲ. ಮೇ ತಿಂಗಳು ಮುಗಿದ ಮೇಲೆ ಹೊಸ ರೋಗಿಗಳು ಬರುವುದು ನಿಂತೇಹೋಯಿತು. ಆಸ್ಟ್ರೇಲಿಯಾದಿಂದ ಒಂದು ಹೊಸ ಔಷಧಿ ತರಿಸಿದ್ದರು. ಅದನ್ನು ಬಳಸುವ ಪ್ರಮೇಯವೇ ಬರಲಿಲ್ಲ.

ಈಗ ನಮ್ಮ ಕಥೆಗೆ ಬನ್ನಿ. 2020ರ ಮಾರ್ಚಿನಲ್ಲಿ ನಮ್ಮ ರಾಜ್ಯದಲ್ಲಿ ಹೊರಗಿನಿಂದ ಬಂದವರ ಕೈಗೆ ಸೀಲು ಹಾಕಿದೆವು, ಬಾಗಿಲಿಗೆ ನೋಟಿಸು ಅಂಟಿಸಿದೆವು. ಉದ್ದೇಶ ಒಳ್ಳೆಯದೇ ಇತ್ತು ಅಂತ ಒಪ್ಪುತ್ತೇನೆ. ಆದರೆ ಮುಂದೆ ಏನಾಯಿತು ಅಂತ ಬಾಡಿಗೆ ಮನೆಯಲ್ಲಿದ್ದವರನ್ನು ಕೇಳಿ. ಮಾಲೀಕರು ಮನೆ ಖಾಲಿ ಮಾಡಿ ಅಂದರು. ಬಾಗಿಲ ಮೇಲಿನ ಆ ಕಾಗದದ ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದವರಿದ್ದರು. ಜನ ಅದರಿಂದ ಕಲಿತ ಪಾಠ ಒಂದೇ: ಜ್ವರ ಬಂದರೆ ಯಾರಿಗೂ ಹೇಳಬೇಡ, ಮೆಡಿಕಲ್ ಶಾಪಿನಿಂದ ಡೋಲೋ ತಂದು ನುಂಗು, ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ ಕೆಮ್ಮು. ರೋಗ ಬಚ್ಚಿಡುವ ಊರಿನಲ್ಲಿ ಯಾವ ಇಲಾಖೆ ಏನು ಮಾಡಲು ಸಾಧ್ಯ?

ಬಚ್ಚಿಡಲು ರೋಗದ ಭಯವೊಂದೇ ಕಾರಣ ಅಲ್ಲ. ಎಲ್ಲಿ ಹೋಗಿದ್ದಿರಿ, ಯಾರ ಜೊತೆ ಇದ್ದಿರಿ ಅಂತ ಅಧಿಕಾರಿಗಳು ಕೇಳುವ ಪ್ರಶ್ನೆಗೆ ಸತ್ಯ ಹೇಳಿದರೆ ನಮ್ಮ ಬೇರೆ ಗುಟ್ಟುಗಳೂ ಹೊರಬೀಳುತ್ತವೆ. ಆಫೀಸಿಗೆ ಹುಷಾರಿಲ್ಲ ಅಂತ ಹೇಳಿ ಮದುವೆಗೆ ಹೋಗಿರುತ್ತೇವೆ. ಹೆಂಡತಿಗೆ ಹೇಳದೆ ಅಮ್ಮನ ಮನೆಗೆ ದುಡ್ಡು ಕೊಟ್ಟು ಬಂದಿರುತ್ತೇವೆ. ಅದಕ್ಕೇ ಕೇಳುವವರು ಗುಟ್ಟು ಕಾಯಬೇಕು, ಪಟ್ಟಿ ಪತ್ರಿಕೆಗೆ ಸೋರಬಾರದು. ಮತ್ತೆ ನೆನಪಿನ ತೊಂದರೆ ಬೇರೆ. ಹನ್ನೆರಡು ದಿನದ ಹಿಂದೆ ಮಧ್ಯಾಹ್ನ ಎಲ್ಲಿದ್ದಿರಿ ಅಂದರೆ ನನಗಂತೂ ಹೊಳೆಯುವುದಿಲ್ಲ. ಒಂದು ಉಪಾಯ ಇದೆ: ಫೋನ್‌ಪೇ ಅಥವಾ ಗೂಗಲ್‌ಪೇ ತೆಗೆದು ನೋಡಿ. ಯಾವ ದಿನ ಯಾವ ಹೋಟೆಲು, ಯಾವ ಆಟೋ, ಯಾವ ಔಷಧಿ ಅಂಗಡಿ, ಸಮಯದ ಸಮೇತ ಇರುತ್ತದೆ. ಆಸ್ಪತ್ರೆಗೆ ಹೋಗುವ ಮೊದಲು ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಉಳಿಯುತ್ತದೆ.

ಮಾವಿನ ಹಣ್ಣಿನ ತಪ್ಪೇನು

ಆ ಮೇ ತಿಂಗಳಲ್ಲಿ ಮಾವಿನ ಕಾಲ. ಜನ ಹಣ್ಣು ಮುಟ್ಟುವುದನ್ನೇ ಬಿಟ್ಟರು. ಕೊಲ್ಲಿ ದೇಶಗಳು ಕೇರಳದ ಹಣ್ಣು ತರಕಾರಿ ಬೇಡ ಅಂದವು. ಕೋಳಿಯಿಂದ ಬರುತ್ತದೆ ಅಂತ ಒಂದು ಸುಳ್ಳು ಸಂದೇಶ ಸರ್ಕಾರಿ ಆದೇಶದ ವೇಷದಲ್ಲಿ ಓಡಾಡಿತು. ಇನ್ನೊಂದು ಕಡೆ, ವೈದ್ಯ ಅಂತ ಹೇಳಿಕೊಳ್ಳುವ ಒಬ್ಬರು ಬಾವಲಿ ಕಚ್ಚಿದ್ದು ಅಂತ ಹೇಳಿ ಹಣ್ಣುಗಳನ್ನು ಕ್ಯಾಮೆರಾ ಮುಂದೆ ತಿಂದು, ನೋಡಿ ಏನೂ ಆಗಲ್ಲ ಅಂದರು. ಪೊಲೀಸರು ಕೇಸು ಹಾಕಿದರು.

ಎರಡೂ ಅತಿ. ತೊಳೆದು ಸಿಪ್ಪೆ ತೆಗೆದ ಹಣ್ಣಿನಿಂದ ಹೆದರಬೇಕಾಗಿಲ್ಲ. ಕಚ್ಚಿದ ಗುರುತು ಇರುವುದನ್ನು, ಮರದ ಕೆಳಗೆ ಬಿದ್ದು ಒಡೆದಿದ್ದನ್ನು ತಿನ್ನಬೇಡಿ, ಬರಿಗೈಲಿ ಹೆಕ್ಕಿದರೆ ಸೋಪಿನಲ್ಲಿ ಕೈ ತೊಳೆಯಿರಿ. ತೆರೆದ ಮಡಕೆಯ ನೀರಾ, ಶೇಂದಿ ಬೇಡ. ಬಾವಲಿ ಇರುವ ಮರ ಕಡಿಯೋದು, ಪಟಾಕಿ ಹೊಡೆದು ಓಡಿಸೋದು ತೀರಾ ದಡ್ಡತನ. ಹೆದರಿ ಚದುರಿದ ಬಾವಲಿಗಳು ಹೊಸ ಜಾಗಕ್ಕೆ ಹೋಗುತ್ತವೆ ಅಷ್ಟೇ.

ನಾನು ಇಷ್ಟು ಹೊತ್ತು ಹಣ್ಣಿನ ವಿಷಯ ಎತ್ತದೆ ಇದ್ದಿದ್ದು ಬೇಕಂತಲೇ. 23 ಜನರಲ್ಲಿ ಬಾವಲಿಯಿಂದ ಬಂದಿದ್ದು ಒಬ್ಬರಿಗೆ. ಆದರೆ ಊರೆಲ್ಲ ಮಾತಾಡಿದ್ದು ಮಾವಿನ ಹಣ್ಣಿನ ಬಗ್ಗೆ. ಹಣ್ಣು ಬಿಡೋದು ಸುಲಭ, ಆಸ್ಪತ್ರೆಯ ಭೇಟಿ ಬಿಡೋದು ಕಷ್ಟ, ಅದಕ್ಕೇ ಇರಬೇಕು.

ನಮ್ಮ ಮನೆಗೆ ಬಂದರೆ

ನಿಪಾ ಆಗಲಿ, ಇನ್ನೊಂದು ಫ್ಲೂ ಆಗಲಿ, ಹೆಸರು ಗೊತ್ತಾಗುವ ಮೊದಲಿನ ನಾಲ್ಕೈದು ದಿನ ನಮ್ಮದೇ. ಆಗ ಡಾಕ್ಟರೂ ಇರೋದಿಲ್ಲ, ಇಲಾಖೆಯೂ ಇರೋದಿಲ್ಲ. ಮನೆಯಲ್ಲಿ ಯಾರಿಗಾದರೂ ಜೋರು ಜ್ವರ, ಜೊತೆಗೆ ಕೆಮ್ಮು, ಮಾತು ತಡವರಿಸೋದು, ಮಂಪರು ಇದ್ದರೆ ಮೊದಲು ತೀರ್ಮಾನ ಮಾಡಬೇಕಾದದ್ದು, ನೋಡಿಕೊಳ್ಳುವವರು ಯಾರು ಅಂತ. ಒಬ್ಬರು. ಗಟ್ಟಿಮುಟ್ಟಾದವರು. ನಮ್ಮಲ್ಲಿ ಇದು ತಾನಾಗೇ ಸೊಸೆಯ ಮೇಲೋ ಅಜ್ಜಿಯ ಮೇಲೋ ಬೀಳುತ್ತದೆ. ಅಜ್ಜಿ ಬೇಡ, ಬಸುರಿ ಬೇಡ. ಗಂಡಸರು ಮಾಡಿದರೂ ಏನೂ ಕಳೆದುಹೋಗುವುದಿಲ್ಲ.

ಅವರು ಮಾಸ್ಕ್ ಹಾಕಲಿ, ರೋಗಿಗೂ ಹಾಕಲಿ. ತಟ್ಟೆ ಲೋಟ ಬೇರೆ, ಕಿಟಕಿ ತೆರೆದಿರಲಿ, ರೋಗಿ ಉಳಿಸಿದ ಗಂಜಿಯನ್ನು "ವೇಸ್ಟ್ ಆಗುತ್ತೆ" ಅಂತ ತಿನ್ನಬೇಡಿ. ನಗಬೇಡಿ, ನಮ್ಮ ಅಮ್ಮಂದಿರು ಇದನ್ನು ದಿನಾ ಮಾಡುತ್ತಾರೆ. ಬಟ್ಟೆಗೆ ಸೋಪಿನ ಪುಡಿ ಸಾಕು. ಈ ವೈರಸ್‌ನ ಹೊರಗೆ ಕೊಬ್ಬಿನ ಪೊರೆ ಇರುತ್ತದೆ, ಜಿಡ್ಡಿನ ಪಾತ್ರೆಯನ್ನು ಸೋಪು ಬಿಡಿಸುವ ಹಾಗೆ ಅದನ್ನೂ ಬಿಡಿಸಿ ಹಾಕುತ್ತದೆ. ಆಸ್ಪತ್ರೆಗೆ ಹೊರಡುವ ಮೊದಲು ಆರೋಗ್ಯ ಸಹಾಯವಾಣಿ 104ಕ್ಕೋ ಆಸ್ಪತ್ರೆಗೋ ಫೋನ್ ಮಾಡಿ ಲಕ್ಷಣ ಹೇಳಿ. ಬಸ್ಸು ಬೇಡ. ಅಲ್ಲಿ ಹೋದ ಮೇಲೆ ಒಪಿಡಿ ಸಾಲಿನಲ್ಲಿ ನಿಲ್ಲದೆ, ಹೊರಗೇ ಇದ್ದು ಒಬ್ಬರು ಒಳಗೆ ಹೋಗಿ ತಿಳಿಸಲಿ. ಸೆಕ್ಯುರಿಟಿಯವರ ಜೊತೆ ಸ್ವಲ್ಪ ಜಗಳ ಆಗಬಹುದು, ಆಗಲಿ.

ಉಳಿದ ಬಂಧುಬಳಗ ಏನು ಮಾಡಬೇಕು? ಸುಮ್ಮನಿರೋದು ಅಂತಲ್ಲ. ಜೊತೆಗಿರುವ ಆ ಒಬ್ಬರಿಗೆ ಊಟ ಬೇಕು. ಮನೆಯಲ್ಲಿರುವ ಮಕ್ಕಳಿಗೆ ಶಾಲೆಯ ಡಬ್ಬಿ ಆಗಬೇಕು, ಹಸುವಿಗೆ ಹುಲ್ಲು, ಕರೆಂಟು ಬಿಲ್ಲು. ಆಸ್ಪತ್ರೆಯ ಖರ್ಚಿಗೆ ಐದುನೂರು ಕಳಿಸಿದರೂ ಒಂದು ಮಾತು. ಎಳನೀರನ್ನು ಗೇಟಿನಲ್ಲಿ ಇಟ್ಟು ಬಂದರೂ ಎಳನೀರೇ. ಹಿರಿಯರಿಗೆ ಇದನ್ನು ಒಪ್ಪಿಸೋದು ಕಷ್ಟ ಅಂತ ಗೊತ್ತು. "ನಾನು ಬರಲಿಲ್ಲ ಅಂದರೆ ಅವನು ಏನಂದುಕೊಳ್ಳುತ್ತಾನೆ" ಅಂತ ನಮ್ಮ ದೊಡ್ಡಪ್ಪನಂಥವರು ಹಟ ಹಿಡಿಯುತ್ತಾರೆ. ಅವರಿಗೆ ವಿಜ್ಞಾನ ಹೇಳಿ ಪ್ರಯೋಜನ ಇಲ್ಲ. "ದೊಡ್ಡಪ್ಪ, ನೀವು ಹೋದರೆ ಅವರೂ ಎದ್ದು ಕೂತುಕೊಳ್ಳಬೇಕು, ಸುಸ್ತಾಗುತ್ತೆ, ವಿಡಿಯೋ ಕಾಲ್ ಮಾಡಿಕೊಡ್ತೀನಿ" ಅಂದರೆ ಕೇಳುತ್ತಾರೆ.

2024ರ ಸೆಪ್ಟೆಂಬರಿನಲ್ಲಿ ಇದು ನಮ್ಮ ಬಾಗಿಲಿಗೂ ಬಂದಿತ್ತು. ಬೆಂಗಳೂರಿನಲ್ಲಿ ಓದುತ್ತಿದ್ದ 24 ವರ್ಷದ ಒಬ್ಬ ವಿದ್ಯಾರ್ಥಿ ಊರಾದ ಮಲಪ್ಪುರಂಗೆ ಹೋದಾಗ ಜ್ವರ ಬಂದು 9ನೇ ತಾರೀಕು ತೀರಿಕೊಂಡರು. ನಿಪಾ ಅಂತ ಖಚಿತವಾಗಿದ್ದು ಆಮೇಲೆ. ಅಷ್ಟರಲ್ಲಿ ಗೆಳೆಯನ ಅಂತ್ಯಕ್ರಿಯೆಗೆ ಹೋಗಿದ್ದ ಸಹಪಾಠಿಗಳು ಬೆಂಗಳೂರಿಗೆ ವಾಪಸ್ ಬಂದುಬಿಟ್ಟಿದ್ದರು. ನಮ್ಮ ಆರೋಗ್ಯ ಇಲಾಖೆಯವರು ಅವರನ್ನು ಹುಡುಕಿ, ಇದ್ದಲ್ಲೇ ಇರಲು ಹೇಳಿ, ದಿನಾ ಜ್ವರ ವಿಚಾರಿಸಿದರು. ಗೆಳೆಯ ಹೋದ ದುಃಖದಲ್ಲಿ, ಊರಿಗೂ ಹೋಗಲಾಗದೆ, ಯಾರ ಹೆಗಲ ಮೇಲೂ ತಲೆ ಇಡಲಾಗದೆ ಆ ಹುಡುಗರು ಕೋಣೆಗಳಲ್ಲಿ ಕೂತಿದ್ದರು. ಅವರಲ್ಲಿ ಯಾರಿಗೂ ರೋಗ ಬರಲಿಲ್ಲ.